ಮನೆಯಂಗಳದ ಪಂಗತಿ

ನಮ್ಮ ಐನಾಪುರದಂತಹ ಊರುಗಳಲ್ಲಿಯೂ ಮನೆಯಲ್ಲಿ ನಾಲ್ಕು ಜನರನ್ನು ಕರೆದು ಊಟಕ್ಕೆ ಹಾಕುವುದು ಅನಾವಶ್ಯಕ ಸಾಹಸವೆಂಬ ಭಾವನೆ ಈಗ ಬೇರೂರಿಬಿಟ್ಟಿದೆ. ಕೂಸಿನ ತೊಟ್ಟಿಲು ಕಾರ್ಯವಿರಲಿ, ಸೊಸೆಯ ಕುಬಸವಿರಲಿ, ಮೊಮ್ಮಗನ ಹುಟ್ಟುಹಬ್ಬವಿರಲಿ, ಮೊದಲು ಕೇಳಿಬರುವುದು ಯಾವ ಮಂಗಲ ಕಾರ್ಯಾಲಯ ಖಾಲಿ ಇದೆಯೆಂಬ ವಿಚಾರಣೆ. ಆಮೇಲೆ ಕೇಟರಿಂಗಿನವನು ಒಂದು ತಾಟಿಗೆ ಎಷ್ಟು ಹೇಳಿದನೆಂಬ ಲೆಕ್ಕ. "ಮನ್ಯಾಗ ಯಾರ ಮಾಡ್ತಾರ್ರೀ ಸರ, ಭಾಳ ತ್ರಾಸ ಆಗತೈತಿ" ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ತ್ರಾಸವಾಗುವುದು ನಿಜವೇ. ಆದರೆ ತ್ರಾಸವಿಲ್ಲದೆ ನಡೆದ ಯಾವ ಊಟವೂ ಹತ್ತು ವರ್ಷಗಳ ನಂತರ ನಮ್ಮ ನೆನಪಿನಲ್ಲಿ ಉಳಿದಿಲ್ಲವೆಂಬುದೂ ಅಷ್ಟೇ ನಿಜ. ಕಳೆದ ವರ್ಷ ತಾವು ಉಂಡುಬಂದ ಕಾರ್ಯಾಲಯದ ಊಟಗಳನ್ನು ಓದುಗರು ಒಮ್ಮೆ ಜ್ಞಾಪಿಸಿಕೊಳ್ಳಲಿ. ಯಾವುದು ಯಾರದೆಂದು ಬಿಡಿಸಿ ಹೇಳಬಲ್ಲಿರಾ? ಅದೇ ಗುಲಾಬ್ ಜಾಮೂನು, ಅದೇ ಜೀರಾ ರೈಸು, ಅದೇ ಧ್ವನಿವರ್ಧಕ.

ಸಾವಿರ ಜನರ ಮದುವೆಯನ್ನು ಮನೆಯಂಗಳದಲ್ಲಿ ಮಾಡಿರೆಂದು ನಾನು ಹೇಳುವುದಿಲ್ಲ. ಅದಕ್ಕೆ ಕಾರ್ಯಾಲಯವೇ ಸರಿ. ಐವತ್ತರಿಂದ ನೂರು ಜನರ ಸಮಾರಂಭವು ಮಾತ್ರ ಮನೆಯಲ್ಲಿಯೇ ನಡೆಯಬೇಕೆಂಬುದು ನನ್ನ ಅಭಿಪ್ರಾಯ. ಹಾಗೆಂದು ಹಿಂದಿನವರು ಮಾಡಿದಂತೆಯೇ ಮಾಡಬೇಕೆಂದೂ ಅಲ್ಲ. ಅವರ ವ್ಯವಸ್ಥೆಯಲ್ಲಿ ಕಲಿಯಬೇಕಾದದ್ದು ಬಹಳವಿತ್ತು, ಕೈಬಿಡಬೇಕಾದದ್ದೂ ಇತ್ತು. ಎರಡನ್ನೂ ಹೇಳಬೇಕೆಂದು ಈ ಬರಹ.

ಮೊದಲು ಕಲಿಯಬೇಕಾದದ್ದನ್ನು ನೋಡೋಣ. ನಮ್ಮ ಭಾಗದ ಮನೆಯೂಟದ ಸಿದ್ಧತೆಯು ಎಂಟು ದಿನ ಮೊದಲೇ ಪ್ರಾರಂಭವಾಗುತ್ತಿತ್ತು, ಮತ್ತು ಅದು ಪ್ರಾರಂಭವಾಗುತ್ತಿದ್ದುದು ರೊಟ್ಟಿಯಿಂದ. ತೆಳ್ಳಗೆ ಬಡಿದು ಒಣಗಿಸಿದ ಜೋಳದ ಕಟಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಇವು ದಿನಗಟ್ಟಲೆ ಕೆಡುವುದಿಲ್ಲ. ಆದ್ದರಿಂದ ಓಣಿಯ ಹೆಣ್ಣುಮಕ್ಕಳು ಸರದಿಯ ಮೇಲೆ ಬಂದು ಕುಳಿತು ನೂರಾರು ರೊಟ್ಟಿಗಳನ್ನು ಬಡಿದು ಬುಟ್ಟಿಗಳಲ್ಲಿ ಜೋಡಿಸಿ, ಬಟ್ಟೆ ಮುಚ್ಚಿ ಇಡುತ್ತಿದ್ದರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳೂ ಹಾಗೆಯೇ ಮೊದಲೇ ಮುಗಿಯುತ್ತಿದ್ದವು. ಊಟದ ದಿನಕ್ಕೆ ಉಳಿಯುತ್ತಿದ್ದುದು ಹೋಳಿಗೆ, ಪಲ್ಯ, ಅನ್ನ, ಸಾರು ಮಾತ್ರ. ಇಂದಿನವರು ಒಂದೇ ದಿನದಲ್ಲಿ ಎಲ್ಲವನ್ನೂ ಮಾಡಹೊರಟು, ಮಧ್ಯಾಹ್ನಕ್ಕೆ ಸುಸ್ತಾಗಿ, ಮನೆಯಲ್ಲಿ ಇದು ಆಗುವ ಕೆಲಸವಲ್ಲವೆಂದು ತೀರ್ಮಾನಿಸುತ್ತಾರೆ. ಕೆಲಸವನ್ನು ದಿನಗಳ ಮೇಲೆ ಹಂಚುವ ಆ ಹಳೆಯ ಜಾಣ್ಮೆ ಯಾವ ಕೇಟರಿಂಗಿನವನಿಗೂ ಕಡಿಮೆಯದಲ್ಲ.

ಹೋಳಿಗೆಯ ಲೆಕ್ಕವೂ ಸರಳವೇ. ಒಂದು ಕಿಲೋ ಕಡಲೆಬೇಳೆಗೆ ಒಂದು ಕಿಲೋ ಬೆಲ್ಲ. ಮಾಡುವವರ ಕೈಯ ಅಳತೆಯ ಮೇಲೆ ಸುಮಾರು 30ರಿಂದ 40 ಹೋಳಿಗೆಗಳಾಗುತ್ತವೆ. ಬೇಳೆ ಬೇಯಿಸಿ ಬಸಿದ ಕಟ್ಟನ್ನು ಚೆಲ್ಲುವಂತಿಲ್ಲ. ಅದಕ್ಕೆ ಮಸಾಲೆ, ಹುಣಸೆ, ಒಂದಿಷ್ಟು ಹೂರಣ ಸೇರಿದರೆ ಕಟ್ಟಿನ ಸಾರು. ಒಂದೇ ಬೇಳೆಯಿಂದ ಸಿಹಿಯೂ ಆಯಿತು, ಖಾರವೂ ಆಯಿತು. ಹೋಳಿಗೆಯ ದಿನ ಬೇರೆ ಸಿಹಿ ಮಾಡಬಾರದೆಂಬುದು ನನ್ನ ಹಟ. ಮೂರು ಬಗೆಯ ಸಿಹಿ ಬಡಿಸಿದ ಮನೆಯಲ್ಲಿ ಮೂರೂ ಅರ್ಧರ್ಧ ತಾಟಿನಲ್ಲಿ ಉಳಿದುಹೋಗುವುದನ್ನು ಕಂಡಿದ್ದೇನೆ.

ದಿನ ಗೊತ್ತುಮಾಡುವಾಗ ಪಂಚಾಂಗದ ಜೊತೆಗೆ ಹೊಲವನ್ನೂ ನೋಡಬೇಕು. ಕೃಷ್ಣೆಯ ನೀರಿನ ಮೇಲೆ ಬದುಕುವ ನಮ್ಮದು ಕಬ್ಬಿನ ನಾಡು. ಉಗಾರದ ಸಕ್ಕರೆ ಕಾರ್ಖಾನೆ 1939ರಷ್ಟು ಹಿಂದಿನದು; ಆ ಬಳಿಕ ಸುತ್ತಮುತ್ತ ಇನ್ನೂ ಹಲವು ಹುಟ್ಟಿಕೊಂಡವು. ಹಂಗಾಮು ಪ್ರಾರಂಭವಾಗಿ ಕಟಾವಿನ ಗ್ಯಾಂಗು ಹೊಲಕ್ಕೆ ಇಳಿದ ದಿನ ರೈತನಿಗೆ ಬೇರಾವ ಕರೆಯೂ ಕೇಳಿಸುವುದಿಲ್ಲ. ಪಂಪಿಗೆ ಕರೆಂಟು ರಾತ್ರಿಯ ಪಾಳಿಯಲ್ಲಿ ಬರುವ ವಾರ ಅವನು ಹಗಲು ನಿದ್ರಿಸುತ್ತಾನೆ. ಈ ಎರಡನ್ನೂ ವಿಚಾರಿಸದೆ ತಾರೀಖು ಇಟ್ಟು, ಆಮೇಲೆ "ಅಂವಾ ಬರಲಿಲ್ಲ ನೋಡ್ರಿ" ಎಂದು ಮುಖ ಗಂಟಿಕ್ಕುವುದು ನ್ಯಾಯವಲ್ಲ.

ಇನ್ನು ಊಟದ ಹೊತ್ತು. ಇದರ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಐನಾಪುರ, ಕಾಗವಾಡ, ಶೇಡಬಾಳ, ಉಗಾರಗಳ ಕಡೆಗೆ ಜೈನ ಮನೆತನಗಳು ಬಹಳ. ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಜನಿಸಿದ್ದು ಇದೇ ಶೇಡಬಾಳದಲ್ಲಿ. ನಿಯಮ ಪಾಲಿಸುವ ಜೈನರು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಮೊದಲಾದ ಕಂದಮೂಲಗಳನ್ನು ಮುಟ್ಟುವುದಿಲ್ಲ. ಸೋಸಿದ ನೀರನ್ನೇ ಕುಡಿಯುತ್ತಾರೆ. ಚಾತುರ್ಮಾಸದಲ್ಲಿ ಸೊಪ್ಪನ್ನೂ ಬಿಡುವವರುಂಟು. ಇಷ್ಟನ್ನು ತಿಳಿದೂ ರಾತ್ರಿ ಎಂಟಕ್ಕೆ ಊಟವಿಟ್ಟು, ಪಕ್ಕದ ಮನೆಯ ಜೈನ ಹಿರಿಯರನ್ನು ಕರೆಯುವುದೆಂದರೆ ಬಾಗಿಲಲ್ಲಿ ನಿಂತು ಕರೆದು ಬಾಗಿಲು ಹಾಕಿಕೊಂಡಂತೆ. ಅವರು ಬರುತ್ತಾರೆ, ಕೂಸಿಗೆ ಆಶೀರ್ವಾದ ಮಾಡುತ್ತಾರೆ, ಒಂದು ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಹೊರಟುಹೋಗುತ್ತಾರೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ಏಳರ ಸುಮಾರಿಗೆ. ಅದಕ್ಕೆ ತಕ್ಕಂತೆ ಸಂಜೆಯ ಮೊದಲ ಪಂಗತಿಯನ್ನು ನಾಲ್ಕೂವರೆಗೋ ಐದಕ್ಕೋ ಕೂಡಿಸಿದರೆ ತೀರಿತು. ಪಲ್ಯಕ್ಕೆ ಈರುಳ್ಳಿ ಹಾಕದಿದ್ದರೆ ಯಾರೂ ಹಸಿದು ಮನೆಗೆ ಹೋಗುವುದಿಲ್ಲ. ಎಣ್ಣೆಗಾಯಿ ಬದನೆಯನ್ನು ಶೇಂಗಾ, ಎಳ್ಳು, ಕೊಬ್ಬರಿ, ಹುಣಸೆಯಲ್ಲಿಯೇ ರುಚಿಗಟ್ಟಿಸುವ ತಾಯಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. 'ಜೈನರಿಗೆ ಪ್ರತ್ಯೇಕ' ಎಂದು ಮೂಲೆಯಲ್ಲೊಂದು ಮೇಜು ಹಾಕುವುದಕ್ಕಿಂತ ಎಲ್ಲರೂ ಉಣ್ಣಬಹುದಾದ ಒಂದೇ ಅಡುಗೆಯನ್ನು ಮಾಡುವುದೇ ಮೇಲು. ಮುಸಲ್ಮಾನ ಗೆಳೆಯನೂ ಅದನ್ನೇ ಉಣ್ಣುತ್ತಾನೆ, ಲಿಂಗಾಯತ ಬೀಗರೂ ಅದನ್ನೇ ಉಣ್ಣುತ್ತಾರೆ, ಅಡುಗೆಮನೆಗೂ ಒಂದೇ ಕೆಲಸ.

ಸಂಖ್ಯೆಯ ವಿಷಯಕ್ಕೆ ಬಂದರೆ ನಮಗೆಲ್ಲ ಒಂದು ಪಾಠ ತಾನಾಗಿಯೇ ಒದಗಿಬಂದಿತ್ತು. 2020ರ ಮೇ ತಿಂಗಳಿನ ಲಾಕ್‌ಡೌನ್ ನಿಯಮಗಳ ಪ್ರಕಾರ ಮದುವೆಗೆ 50ಕ್ಕಿಂತ ಹೆಚ್ಚು ಅತಿಥಿಗಳು ಸೇರುವಂತಿರಲಿಲ್ಲ. ಆಗ ಎಷ್ಟೋ ಮದುವೆಗಳು ಮನೆಯ ಮುಂದಿನ ಹಂದರದಲ್ಲಿ ನಡೆದವು. ಆ ಕಾಲದ ದುಃಖವನ್ನು ಹಗುರಮಾಡಿ ಹೇಳುತ್ತಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅಕ್ಷತೆ ಹಾಕಿದ ದಿನಗಳವು. ಆದರೂ ಆ ಮದುವೆಗಳ ಬಗ್ಗೆ ಮಾತನಾಡುವಾಗ ಜನರ ಮುಖ ಅರಳುವುದನ್ನು ಗಮನಿಸಿದ್ದೇನೆ. ಯಾರು ಬಡಿಸಿದರು, ಯಾರ ಅಂಗಿಗೆ ಸಾರು ಚೆಲ್ಲಿತು ಎಂಬುದೆಲ್ಲ ನೆನಪಿದೆ. ಐವತ್ತೇ ಜನರೆಂದಾಗ ಮನೆಯ ಯಜಮಾನನು ಕಾಗದ ಹಿಡಿದು ಕುಳಿತು, ತನಗೆ ನಿಜವಾಗಿ ಬೇಕಾದವರು ಯಾರೆಂದು ಯೋಚಿಸಬೇಕಾಯಿತು. ಅಲ್ಲಿಯವರೆಗೆ ಅವನು ಯೋಚಿಸಿದ್ದು ಯಾರನ್ನು ಕರೆಯದಿದ್ದರೆ ಸಿಟ್ಟಾಗುತ್ತಾರೆ ಎಂಬುದನ್ನು ಮಾತ್ರ.

ಕರೆಯುವ ರೀತಿಯೂ ಕೆಟ್ಟುಹೋಗಿದೆಯೆಂದು ನನಗೆ ಅನಿಸುತ್ತದೆ. ಹಿಂದೆ ಮನೆಮನೆಗೆ ಹೋಗಿ, ಹೊಸ್ತಿಲಲ್ಲಿ ನಿಂತು, ಎಷ್ಟು ಜನರಿಗೆ ಊಟವೆಂಬುದನ್ನು ಸ್ಪಷ್ಟವಾಗಿ ಹೇಳಿಬರುತ್ತಿದ್ದರು. ಒಬ್ಬರಿಗೋ, ಮನೆಮಂದಿಗೆಲ್ಲವೋ? ಮನೆಮಂದಿಗೆಲ್ಲ ಎಂದರೆ ಆ ಹೊತ್ತು ಆ ಮನೆಯ ಒಲೆ ಹೊತ್ತುವಂತಿರಲಿಲ್ಲ. ಗಡಿಯಾಚೆಯ ಮರಾಠಿ ಮಾತಿನಲ್ಲಿ ಇದಕ್ಕೆ 'ಚೂಲಬಂದ' ಆಮಂತ್ರಣವೆಂಬ ಸೊಗಸಾದ ಹೆಸರೇ ಇದೆ. ಒಲೆ ಮುಚ್ಚಿ ಬನ್ನಿರೆಂದು ಅರ್ಥ. ಇದರಿಂದ ಅಡುಗೆಯ ಅಂದಾಜೂ ಕೆಡುತ್ತಿರಲಿಲ್ಲ, ಕರೆಸಿಕೊಂಡವರಿಗೆ ಸಂಕೋಚವೂ ಇರುತ್ತಿರಲಿಲ್ಲ. ಈಗ ಇನ್ನೂರು ಜನರಿರುವ ವಾಟ್ಸಾಪ್ ಗುಂಪಿಗೆ ಒಂದು ಚಿತ್ರವನ್ನು ಎಸೆದುಬಿಟ್ಟರೆ ಕರೆದಂತಾಯಿತು. ಮನೆ ಕಟ್ಟಿಸಿದ ಕೆಲಸಗಾರನು ಆ ಗುಂಪಿನಲ್ಲಿ ಇರುವುದಿಲ್ಲ. ಮನೆಶಾಂತಿಯ ಊಟಕ್ಕೆ ಅವನಿಗೆ ಕರೆಯೂ ಹೋಗುವುದಿಲ್ಲ. ವಾಟ್ಸಾಪು ಬೇಡವೆನ್ನುವುದಿಲ್ಲ. ಪುಣೆಯಲ್ಲಿರುವ ಮಗನ ಸ್ನೇಹಿತರಿಗೆ ಅದು ಸಾಕು. ಓಣಿಯವರಿಗೆ ಮಾತ್ರ ಕಾಲಿನಿಂದ ನಡೆದುಹೋಗಿ ಹೇಳಬೇಕು. ಹಾಗೆಯೇ ಆಯಾರದ ಪುಸ್ತಕ. ಬಾಗಿಲಲ್ಲಿ ಒಬ್ಬನು ವಹಿ ತೆರೆದು, ಬಂದವರ ಹೆಸರು ಮತ್ತು ಮೊತ್ತವನ್ನು ಬರೆದುಕೊಳ್ಳುತ್ತಿದ್ದರೆ ಕೈ ಖಾಲಿ ಇದ್ದವನು ಓಣಿಯ ತುದಿಯಿಂದಲೇ ಹಿಂತಿರುಗುತ್ತಾನೆ. ಐವತ್ತು ಜನರ ಊಟದಲ್ಲಿ ವಹಿಗೆ ಏನು ಕೆಲಸ?

ಇಷ್ಟೆಲ್ಲ ಹೇಳಿದ ಮೇಲೆ ಮನೆಯೂಟದ ವಿರುದ್ಧ ನಾನು ಕೇಳಿದ ಅತ್ಯಂತ ಬಲವಾದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಅದನ್ನು ಆಡಿದವನು ನನ್ನ ಕೈಯಲ್ಲಿ ಕಲಿತ ಹುಡುಗನೇ. ಈಗ ಒಳ್ಳೆಯ ನೌಕರಿಯಲ್ಲಿದ್ದಾನೆ. ಮಗಳ ನಾಮಕರಣವನ್ನು ಕಾರ್ಯಾಲಯದಲ್ಲಿ ಇಟ್ಟುಕೊಂಡು ನನ್ನನ್ನು ಕರೆಯಲು ಬಂದಿದ್ದ. ಮನೆಯಲ್ಲಿಯೇ ಮಾಡಬಹುದಿತ್ತಲ್ಲ ಎಂದು ನಾನು ರೂಢಿಯಂತೆ ಹೇಳಿದೆ. ಅವನು ನಕ್ಕು, "ಸರ, ಊರ ಮಂದಿ ಮನಿ ಊಟಕ್ಕ ನಮ್ಮಪ್ಪ ಹಿತ್ತಲದಾಗ ಕುಂತು ಉಂಡಾನ್ರೀ. ನಾವು ಕರದ್ರ ಆ ಮಂದಿ ನಮ್ಮ ಮನೀಗಿ ಬರ್ತಾರೇನ್ರಿ? ಕಾರ್ಯಾಲಯಕ್ಕ ಮಾತ್ರ ಎಲ್ಲಾರೂ ಬರ್ತಾರ" ಎಂದ.

ಈ ಮಾತಿಗೆ ಉತ್ತರ ಕೊಡದೆ ಮನೆಯಂಗಳದ ಗುಣಗಾನ ಮಾಡುವ ಹಕ್ಕು ಯಾರಿಗೂ ಇಲ್ಲ. ಬಫೆಯ ಸಾಲನ್ನು ನಾವು ಎಷ್ಟೇ ಹಾಸ್ಯಮಾಡಲಿ, ಆ ಸಾಲಿನಲ್ಲಿ ಯಾರ ಹಿಂದೆ ಯಾರೆಂಬುದನ್ನು ಜಾತಿ ನಿರ್ಧರಿಸುವುದಿಲ್ಲ. ಬಾಡಿಗೆ ಕೊಟ್ಟವನಿಗೆ ಕಾರ್ಯಾಲಯದ ಮುಂಬಾಗಿಲು ತೆರೆದಿರುತ್ತದೆ. ದಾಸೋಹವೆಂಬ ಶಬ್ದವನ್ನು ಹನ್ನೆರಡನೆಯ ಶತಮಾನದಿಂದ ಬಾಯಲ್ಲಿ ಇಟ್ಟುಕೊಂಡ ನಾಡಿನಲ್ಲಿ ಮನೆಯ ಹಿತ್ತಲಲ್ಲಿ ಬೇರೆ ಎಲೆ ಬೀಳುತ್ತಿತ್ತು. ಕಾರ್ಯಾಲಯದಲ್ಲಿ ಅದು ನಿಂತಿತು. ಶಾಲೆಯಲ್ಲಿಯೂ ಬಹುಮಟ್ಟಿಗೆ ನಿಂತಿತು. ಅಕ್ಷರ ದಾಸೋಹದ ಬಿಸಿಯೂಟವು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ನಮ್ಮ ಕಡೆಗೂ ಬಂದಾಗ, ಮಕ್ಕಳು ಮಾಡಿದ ಮೊದಲ ಕೆಲಸ ತಮ್ಮ ತಮ್ಮ ಗೆಳೆಯರ ಪಕ್ಕದಲ್ಲಿ ಜಾಗ ಹಿಡಿದು ಕುಳಿತದ್ದು. ಹಿರಿಯರು ಗೊಣಗಿದ್ದುಂಟು. ಮಕ್ಕಳಿಗೆ ಹಸಿವೆಯಾಗಿತ್ತು, ಸಾರು ಬಿಸಿಯಾಗಿತ್ತು. ಹಾಗೆ ಒಂದೇ ಸಾಲಿನಲ್ಲಿ ಉಂಡು ಬೆಳೆದವರು ಈಗ ಮೂವತ್ತು ದಾಟಿ ತಾವೇ ಮನೆಯ ಯಜಮಾನರಾಗಿದ್ದಾರೆ. ಅವರ ಮನೆಯ ಪಂಗತಿ ಹೇಗಿರಬೇಕೆಂಬುದನ್ನು ನಾನು ಹೇಳಿಕೊಡಬೇಕಾಗಿಲ್ಲ, ಅವರಿಗೆ ಗೊತ್ತಿದೆ. ಪಂಗತಿ ಹಾಕುವ ಮೊದಲು ಮನೆಯ ಹಿರಿಯರಿಗೆ ಅದನ್ನು ಗಟ್ಟಿಯಾಗಿ ಹೇಳಬೇಕು, ಅಷ್ಟೆ. ಕರೆದವರ ಮನೆಗೆ ತಿರುಗಿ ಹೋಗಿ ಉಂಡುಬರುವುದೂ ಅದರ ಇನ್ನೊಂದು ಅರ್ಧ. ನನ್ನ ಆ ವಿದ್ಯಾರ್ಥಿಯ ಪ್ರಶ್ನೆಯಿದ್ದುದು ಆ ಅರ್ಧದ ಬಗ್ಗೆಯೇ.

ಇಷ್ಟೇ ತೂಕದ ಇನ್ನೊಂದು ವಿಷಯ ಅಡುಗೆಮನೆಯೊಳಗಿದೆ. ಕುಬಸ, ತೊಟ್ಟಿಲು, ಸಂಕ್ರಾಂತಿಯ ಅರಿಷಿಣ ಕುಂಕುಮ, ಇವೆಲ್ಲ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳೇ ನಡೆಸುವ ಸಮಾರಂಭಗಳು. ಇವುಗಳಿಗೆ ಹೂರಣ ರುಬ್ಬುವುದರಿಂದ ಹಿಡಿದು ಹೋಳಿಗೆ ಬೇಯಿಸುವವರೆಗೆ ಕೈಹಚ್ಚುವವರಲ್ಲಿ ಗಂಡನನ್ನು ಕಳೆದುಕೊಂಡ ತಾಯಂದಿರು ಮುಂದಿರುತ್ತಾರೆ. ಅನುಭವವೂ ಅವರಿಗೇ ಹೆಚ್ಚು. ಆದರೆ ಉಡಿ ತುಂಬುವ ಹೊತ್ತಿಗೆ ಅವರು ಒಳಗಿನ ಕೋಣೆಗೆ ಸರಿದುಬಿಡುತ್ತಾರೆ. ಯಾರೂ ಹೋಗೆಂದು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೇ ಇಲ್ಲದಂತೆ ಅವರಿಗೆ ಅದನ್ನು ಕಲಿಸಿಟ್ಟಿದ್ದೇವೆ. 2022ರ ಮೇ ತಿಂಗಳಲ್ಲಿ ನಮಗೆ ದೂರವೇನಲ್ಲದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮ ಪಂಚಾಯಿತಿಯು ಗಂಡ ಸತ್ತಾಗ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರವು ಉಳಿದ ಊರುಗಳೂ ಆ ಮಾದರಿಯನ್ನು ಅನುಸರಿಸಲೆಂದು ಸುತ್ತೋಲೆ ಹೊರಡಿಸಿತು. ಠರಾವು ಗ್ರಾಮ ಪಂಚಾಯಿತಿಯಲ್ಲಿ ಆಗಬಹುದು; ಅದು ಜಾರಿಗೆ ಬರಬೇಕಾದದ್ದು ಮಾತ್ರ ಪಡಸಾಲೆಯಲ್ಲಿ.

ಹೇರವಾಡದ ಸುದ್ದಿ ಬಂದ ಮರುವರ್ಷ ನಮ್ಮ ಪರಿಚಯದ ಮನೆಯೊಂದರ ಕುಬಸದಲ್ಲಿ ಅದು ಜಾರಿಗೆ ಬಂದುದನ್ನು ಕಂಡೆ. ಗಂಡಸರು ನಾವು ಹೊರಗಿನ ಕಟ್ಟೆಯ ಮೇಲಿದ್ದೆವು, ಬಾಗಿಲು ತೆರೆದಿತ್ತು. ಹಸಿರು ಸೀರೆಯುಟ್ಟು ಕುಳಿತ ಹುಡುಗಿಯು ಒಳಗಿನ ಕೋಣೆಯತ್ತ ತಿರುಗಿ, "ದೊಡ್ಡವ್ವಾ, ಮೊದಲ ಉಡಿ ನೀನ ತುಂಬಬೇಕು, ಬಾ" ಎಂದಳು. ಆ ತಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿಯೇ ನಿಂತು, "ಬ್ಯಾಡವ್ವಾ, ಮಂದಿ ಏನಂದಾರು" ಎಂದರು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಗ ಹುಡುಗಿಯ ಅತ್ತೆ, ಓದುಬರಹ ಅಷ್ಟಾಗಿ ತಿಳಿಯದ ಹೆಣ್ಣುಮಗಳು, ಎಲ್ಲರಿಗೂ ಕೇಳುವಂತೆ ಹೇಳಿದ್ದು ಇಷ್ಟು: "ಅಕ್ಕಾ, ನೀ ಮಾಡಿದ ಹೋಳಿಗಿ ತಿನ್ನೂಮುಂದ ಯಾರೂ ಏನೂ ಅನ್ನೂದಿಲ್ಲ. ಈಗ ಏನಂತಾರ? ಬಾ." ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಕುಬಸದ ಖಣ, ಒಂದೊಂದನ್ನೇ ಆ ತಾಯಿ ಹುಡುಗಿಯ ಉಡಿಗೆ ಹಾಕಿದರು. ಕೈ ನಡುಗುತ್ತಿತ್ತು. ಇಬ್ಬರು ಹಿರಿಯ ಹೆಣ್ಣುಮಕ್ಕಳು ಎದ್ದು ಹೊರಗೆ ಹೋದದ್ದೂ ನಿಜ. ಆಮೇಲೆ ಊಟಕ್ಕೆ ಅವರು ಬಂದು ಕುಳಿತದ್ದೂ ನಿಜ. ಆ ದಿನದ ಅಡುಗೆಯಲ್ಲಿ ಏನೇನಿತ್ತೆಂದು ಕೇಳಿದರೆ ನನಗೆ ಹೋಳಿಗೆಯ ಹೊರತು ಬೇರೇನೂ ನೆನಪಿಲ್ಲ.

ಶಾಸ್ತ್ರವೇನಾಯಿತೆಂದು ಕೇಳುವವರಿರುತ್ತಾರೆ. ಕುಬಸದ ಶಾಸ್ತ್ರವಿರುವುದು ಬಸುರಿಯು ಸಂತೋಷವಾಗಿರಲೆಂದು. ತನ್ನನ್ನು ಎತ್ತಿ ಆಡಿಸಿದ ದೊಡ್ಡವ್ವ ಕತ್ತಲಕೋಣೆಯಲ್ಲಿ ಕುಳಿತಿರುವಾಗ ಯಾವ ಹುಡುಗಿ ಸಂತೋಷದಿಂದ ಆರತಿ ಮಾಡಿಸಿಕೊಂಡಾಳು?

ಹುಟ್ಟುಹಬ್ಬದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೇಕು ಕತ್ತರಿಸುವುದಕ್ಕೆ ನನ್ನ ವಿರೋಧವಿಲ್ಲ. ಮುಖದ ತುಂಬ ಅದನ್ನು ಬಳಿದು ನೆಲಕ್ಕೆ ಚೆಲ್ಲುವುದಕ್ಕೆ ಇದೆ. ಓಣಿಯ ತಿರುವಿನಲ್ಲಿ ಐದು ವರ್ಷದ ಕೂಸಿನ ಚಿತ್ರದ ಫ್ಲೆಕ್ಸ್ ನಿಲ್ಲಿಸಿ, ಕೆಳಗೆ ಇಪ್ಪತ್ತು ಶುಭಕೋರುವವರ ಮುಖ ಹಾಕುವ ಖರ್ಚಿನಲ್ಲಿ ಅದರ ಇಡೀ ತರಗತಿಗೆ ಶಿರಾ ಮತ್ತು ಚುರುಮುರಿ ಕೊಡಬಹುದು. ಮಕ್ಕಳ ಸಮಾರಂಭಕ್ಕೆ ಒಂದೇ ನಿಯಮ ಸಾಕು: ತರಗತಿಯ ಅರ್ಧ ಮಕ್ಕಳನ್ನು ಕರೆದು ಅರ್ಧ ಬಿಡಬಾರದು. ಇಲ್ಲವೆ ಎಲ್ಲರನ್ನೂ ಕರೆಯಿರಿ, ಇಲ್ಲವೆ ಇಬ್ಬರನ್ನೇ ಕರೆಯಿರಿ. ಮರುದಿನ ಬೆಳಿಗ್ಗೆ ಕರೆಸಿಕೊಳ್ಳದ ಮಗುವಿನ ಮುಖ ಹೇಗಿರುತ್ತದೆಂಬುದನ್ನು ಮಾಸ್ತರನೊಬ್ಬನೇ ಬಲ್ಲ.

ಕೊನೆಗೊಂದು ಸಣ್ಣ ವ್ಯವಸ್ಥೆಯ ಮಾತು. ಮನೆಯೂಟಗಳಲ್ಲಿ ಅಡುಗೆ ಮಾಡಿದವರು, ಬಡಿಸಿದ ಹುಡುಗರು, ಪಾತ್ರೆ ತಿಕ್ಕಿದವರು ಎಲ್ಲರಿಗಿಂತ ಆಮೇಲೆ ಉಣ್ಣುತ್ತಾರೆ. ಅಷ್ಟು ಹೊತ್ತಿಗೆ ಎಣ್ಣೆಗಾಯಿ ಮುಗಿದಿರುತ್ತದೆ, ಸಾರು ತಳ ಕಂಡಿರುತ್ತದೆ. ಇದನ್ನು ತಪ್ಪಿಸುವುದು ಕಷ್ಟವಲ್ಲ. ಮೊದಲ ಪಂಗತಿ ಕೂಡುವ ಮೊದಲೇ ಅವರನ್ನು ಎಣಿಸಿ, ಅಷ್ಟು ಹೋಳಿಗೆಗಳನ್ನು ಬೇರೆ ಬುಟ್ಟಿಯಲ್ಲಿ ಇಟ್ಟು ಬಟ್ಟೆ ಕಟ್ಟಬೇಕು. ಪಲ್ಯವನ್ನೂ ತುಪ್ಪವನ್ನೂ ಹಾಗೆಯೇ ತೆಗೆದಿಡಬೇಕು. ಬೀಗರು ಇನ್ನೊಂದು ಹೋಳಿಗೆ ಕೇಳಿದರೂ ಆ ಬುಟ್ಟಿಯನ್ನು ಬಿಚ್ಚಬಾರದು. ಎಲ್ಲರೂ ಉಂಡು ಹೋದ ಮೇಲೆ ಅವರನ್ನು ಪಡಸಾಲೆಯಲ್ಲಿ ಸಾಲಾಗಿ ಕೂಡಿಸಿ, ಆ ಬುಟ್ಟಿಯನ್ನು ಮನೆಯ ಯಜಮಾನನೇ ಬಿಚ್ಚಿ, ಬಗ್ಗಿ ಬಡಿಸಬೇಕು. ಸೊಂಟ ನೋಯುತ್ತದೆಂದು ನೆಪ ಹೇಳುವ ಯಜಮಾನರಿಗೆ ಹುಡುಗರು ತುಪ್ಪದ ಗಿಂಡಿಯನ್ನಾದರೂ ಕೈಗೆ ಕೊಡಲಿ.